ಮೀಸೆರಾಯರ ದರ್ಶನ

ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಎಂಬ ದುಃಖ ಹಳೆಯದು. ನನ್ನ ಮುಖವೂ ನಡೆಯುವುದಿಲ್ಲ ಎಂದು ಈಗ ಒಂದು ಮೀನು ತೀರ್ಪು ಕೊಟ್ಟಿದೆ.

ಅಕ್ವೇರಿಯಂ ಅಂಗಡಿಯವನು ಬೇರೆ ಮೀನುಗಳ ಜೊತೆ ಅದನ್ನೂ ಚೀಲಕ್ಕೆ ತುಂಬಿ ಕೊಟ್ಟಿದ್ದ. ಬೆರಳುದ್ದದ ಮೈ, ಹುಲಿಪಟ್ಟೆ, ಬಾಯಿಯ ಸುತ್ತ ಮೀಸೆ. ತೊಟ್ಟಿಗೆ ಬಿಟ್ಟದ್ದೇ ತಡ, ತಳದ ಮರಳಿಗೆ ನುಸುಳಿ ಮಾಯವಾಯಿತು. ಪುಸ್ತಕ ತಿರುವಿದೆ. ಲೋಚ್ ಎಂಬ ತಳವಾಸಿ ಜಾತಿ. ಆರು ಮೀಸೆಯಿದ್ದರೆ ಸಾಮಾನ್ಯ, ಈ ಪಟ್ಟೆಯ ಜೊತೆಗೆ ಎಂಟಿದ್ದರೆ ಬಲು ಅಪರೂಪ. ನಾನಂತೂ ಎಣಿಸುವ ಮೊದಲೇ ‘ಮೀಸೆರಾಯರು’ ಎಂದು ನಾಮಕರಣ ಮಾಡಿಬಿಟ್ಟೆ.

ರಾಯರು ಹೊರಬರಲೆಂದು ನಡುಮನೆಯಲ್ಲಿ ಮೌನವ್ರತ ಜಾರಿಗೆ ತಂದೆ. ಟೀವಿ ಬಂದ್. ಹೆಂಡತಿಯ ಹೊಲಿಗೆ ಮಿಷನ್ನಿಗೆ ಹಿಂದಿನ ಕೋಣೆಗೆ ಗಡೀಪಾರು.

“ರೀ, ಆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ. ಹೊಲಿಗೆ ಸೊಟ್ಟ ಆದ್ರೆ ಗಿರಾಕಿಗಳಿಗೆ ನಿಮ್ಮ ಮೀನು ಉತ್ತರ ಹೇಳುತ್ತಾ?”

“ಮೆಲ್ಲಗೆ ಕಣೇ! ರಾಯರಿಗೆ ಗದ್ದಲ ಆಗಲ್ಲ.”

“ನಂಗೂ ಕೆಲವು ರಾಯರು ಆಗಲ್ಲ.”

ಕೊನೆಗೆ ಒಪ್ಪಂದವಾಯಿತು. ಎದುರುಮನೆಯ ಪ್ರಾಣಿಶಾಸ್ತ್ರದ ಮೇಷ್ಟ್ರು ಬಂದು ಮೀಸೆ ಎಣಿಸಬೇಕು. ಅಪರೂಪದ್ದಾದರೆ ನಡುಮನೆ ರಾಯರದು, ಇಲ್ಲವಾದರೆ ಮಿಷನ್ ವಾಪಸ್, ತೊಟ್ಟಿ ಮಾರಾಟ.

ಅಲ್ಲಿಯವರೆಗೆ ಸಂಜೆಯೆಲ್ಲ ಗಾಜಿಗೆ ಮೂಗು ತಾಗಿಸಿ ಕೂತೆ. ಹಸಿರು ಬೆಳಕು ಗೋಡೆಯ ಮೇಲೆ ತೂಗುತ್ತಿತ್ತು, ಗುಳ್ಳೆಗಳು ಒಂದೊಂದಾಗಿ ಮೇಲೇರುತ್ತಿದ್ದವು. ಸ್ವಲ್ಪ ಹೊತ್ತಿಗೆ ಕುರ್ಚಿ ಕರಗಿ, ನಾನು ಯಾವುದೋ ತೊರೆಯ ತಳದಲ್ಲಿ ನುಣ್ಣನೆಯ ಕಲ್ಲಿಗೆ ತಲೆಯಿಟ್ಟು ಮಲಗಿರುತ್ತಿದ್ದೆ. ಆಫೀಸು, ಮೇಲಧಿಕಾರಿ ಎಲ್ಲ ಎಲ್ಲೋ ಮೇಲೆ ತೇಲಿಹೋಗುತ್ತಿದ್ದರು. ಮದುವೆಯಾದ ಮೇಲೆ ಇಷ್ಟು ಸುಖ ಕಂಡಿರಲಿಲ್ಲ (ಇದು ನಮ್ಮಿಬ್ಬರ ನಡುವೆಯೇ ಇರಲಿ). ರಾಯರ ಬಾಲದ ತುದಿ ಮಾತ್ರ ಒಮ್ಮೊಮ್ಮೆ ಕಾಣುತ್ತಿತ್ತು.

ಭಾನುವಾರ ಮೇಷ್ಟ್ರು ಭೂತಗನ್ನಡಿ ಹಿಡಿದು ಬಂದರು. ಕಾದರು, ಆಕಳಿಸಿದರು. ಮರಳು ಅಲುಗಲಿಲ್ಲ.

“ರೀ, ಮೇಷ್ಟ್ರಿಗೆ ಕಾಫಿ ಮಾಡ್ಕೊಂಡು ಬನ್ನಿ” ಎಂದಳು ಹೆಂಡತಿ. ತುದಿಗಾಲಲ್ಲಿ ಅಡುಗೆಮನೆಗೆ ಹೋದೆ. ಹಾಲು ಉಕ್ಕುವಷ್ಟರಲ್ಲಿ ನಡುಮನೆಯಿಂದ ಮಿಷನ್ನಿನ ಗರಗರ ಸದ್ದು! ಹಿಂದೆಯೇ ಮೇಷ್ಟ್ರ ಕೂಗು: “ಬಂತು! ಎಂಟು ಮೀಸೆ! ಅಪರೂಪದ್ದೇ!”

ಸೌಟು ಹಿಡಿದುಕೊಂಡೇ ಓಡಿದೆ. ತೊಟ್ಟಿಯಲ್ಲಿ ಒಂದಿಷ್ಟು ಮರಳು ಕದಡಿತ್ತು, ಅಷ್ಟೆ.

“ಅಯ್ಯೋ, ದಿನಾ ಬರುತ್ತಲ್ರೀ” ಎಂದಳು ಹೆಂಡತಿ. “ನೀವು ಆಫೀಸಿಗೆ ಹೊರಟ ಕೂಡಲೇ ಮಿಷನ್ ಇಲ್ಲಿಗೆ ಎಳ್ಕೊಂಡು ಬರ್ತೀನಿ. ತುಳಿಯೋಕೆ ಶುರು ಮಾಡಿದ್ರೆ ಸಾಕು, ಇಡೀ ತೊಟ್ಟಿ ಸುತ್ತುತ್ತೆ. ನೀವು ನೋಡೇ ಇಲ್ವಾ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹರಿಯೋ ನೀರಲ್ಲಿ ಬೆಳೆಯೋ ಜೀವ ಸ್ವಾಮಿ, ಅದಕ್ಕೆ ಸದ್ದಿನ ಭಯ ಇಲ್ಲ. ಅಷ್ಟು ದೊಡ್ಡ ಮುಖ ಗಾಜಿಗೆ ಅಂಟಿಕೊಂಡಿದ್ರೆ ಯಾವ ಮೀನು ತಾನೇ ಬರುತ್ತೆ? ನಿಮ್ಮನ್ನ ಕೊಕ್ಕರೆ ಅಂದ್ಕೊಂಡಿರಬೇಕು.”

ಪಂದ್ಯ ಗೆದ್ದವನು ನಾನೇ. ನಡುಮನೆ ರಾಯರ ಪಾಲಾಯಿತು. ಅವರ ಆರೋಗ್ಯಕ್ಕಾಗಿ ಮೇಷ್ಟ್ರ ಅಪ್ಪಣೆಯಂತೆ ಮಿಷನ್ ತೊಟ್ಟಿಯ ಪಕ್ಕಕ್ಕೆ ಬಂತು, ನನ್ನ ಕುರ್ಚಿ ಹಿಂದಿನ ಕೋಣೆಗೆ ಹೋಯಿತು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ಮೀಸೆಯನ್ನು ಬೀದಿಯವರೆಲ್ಲ ನೋಡಿ ಹೋದರು, ನಾನೊಬ್ಬ ಬಿಟ್ಟು.

ನಿನ್ನೆ ಸಂಜೆ ಅವಳು ಕೂಗಿದಳು. “ರೀ, ಬಂದಿದೆ! ಎಷ್ಟು ಚೆನ್ನಾಗಿ ಆಡ್ತಿದೆ!”

ನಾನು ದಡಬಡಿಸಿ ಎದ್ದೆ.

“ಅಲ್ಲೇ ಇರಿ! ನಾನು ಹೇಳ್ತೀನಿ, ಕೇಳಿಸ್ಕೊಳ್ಳಿ. ಈಗ ಕಲ್ಲಿನ ಮೇಲೆ ಕೂತಿದೆ... ಮೀಸೆ ಅಲ್ಲಾಡಿಸ್ತಿದೆ...”

ಮತ್ತೆ ಕುರ್ಚಿಗೊರಗಿ ಕಣ್ಣು ಮುಚ್ಚಿದೆ. ಅವಳ ದನಿಯೂ ಮಿಷನ್ನಿನ ಸದ್ದೂ ಸೇರಿ ತೊರೆಯಾಗಿ ಹರಿಯತೊಡಗಿದವು. ನಾನು ಮೆಲ್ಲಗೆ ತಳಕ್ಕಿಳಿದೆ. ಕೊನೆಗೂ ರಾಯರು ಎದುರಿಗೇ ಬಂದರು. ಒಂದು, ಎರಡು, ಮೂರು ಎಂದು ಮೀಸೆ ಎಣಿಸುತ್ತಾ ಏಳಕ್ಕೆ ಬಂದಿದ್ದೆ.

“ರೀ! ನಿಮ್ಮ ಗೊರಕೆ ಕೇಳಿ ಒಳಗೆ ಹೋಯ್ತು ನೋಡಿ!”