ಕಾಲಿದ್ದ ಹಂಸಗಳು

ನಮ್ಮ ಅತ್ತೆ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಗೋಡೆಯನ್ನು. ಮನುಷ್ಯರ ಸರದಿ ಆಮೇಲೆ, ಅದೂ ಗೋಡೆ ಬಿಟ್ಟುಕೊಟ್ಟರೆ! ಮನೆಯವರು "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿ, ನೀರು ತಂದಿಟ್ಟು ಕಾಯುತ್ತಿದ್ದರೆ ಇವಳು ಹೊಸ್ತಿಲ ಒಳಗೆ ಸೊಂಟಕ್ಕೆ ಕೈಕೊಟ್ಟು ನಿಂತು, ಗೋಡೆಗೆ ತೂಗುಹಾಕಿದ್ದನ್ನೆಲ್ಲ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದಳು.

"ಈ ಕ್ಯಾಲೆಂಡರಿನ್ಯಾಗ ಇನ್ನೂ ಶ್ರಾವಣಾನ ನಡದೈತಲ್ಲ, ನಿಮ್ಮ ಮನಿಗೆ ದೀಪಾವಳಿ ಬರೂದಿಲ್ಲೇನು?"

"ಈ ಫೋಟೋದಾಗ ನಿಮ್ಮ ಮಾವನೋರು ಬಲಕ್ಕ ವಾಲ್ಯಾರ. ಇದ್ದಾಗ ಎಡಕ್ಕ ವಾಲತಿದ್ರು."

ಹೀಗೆಂದು ಚೌಕಟ್ಟನ್ನು ಒಂದು ಬೆರಳಿನಿಂದ ನೆಟ್ಟಗೆ ಮಾಡಿ, ಆಮೇಲೆ ಚಾಪೆಯ ಮೇಲೆ ಕೂತು, "ಎಲ್ಲಾರೂ ಆರಾಮ ಅದೀರಿ?" ಎನ್ನುವಳು.

ಇವಳು ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಸವದತ್ತಿಯ ನಮ್ಮ ಮನೆಯ ಕಟ್ಟೆಯ ಮೇಲೆ ಹುಡುಗಿಯರಿಗೆ ಹೊಲಿಗೆ ಕಲಿಸುತ್ತ ಬದುಕಿದವಳು. ನಾನು ಧಾರವಾಡದಲ್ಲಿ ಇತಿಹಾಸ ಓದಿ, ಬೈಲಹೊಂಗಲದ ಕಾಲೇಜಿನಲ್ಲಿ ಪಾಠ ಹೇಳುತ್ತ ಅಲ್ಲೇ ಮನೆ ಮಾಡಿಕೊಂಡವನು. ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂಬ ಕಾಯಿಲೆಯನ್ನು ಧಾರವಾಡದಿಂದ ಹಚ್ಚಿಕೊಂಡು ಬಂದೆ. ಅದು ಮೊದಲು ನನ್ನ ದೇವರನ್ನು ತಿಂದಿತು, ಆಮೇಲೆ ನೆಂಟರನ್ನು, ಈಗ ನನ್ನ ನೆನಪನ್ನೇ ಮೇಯುತ್ತಿದೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ಅರ್ಧ ನಂಬಿದರೆ ಸಾಕು. ನಾನೂ ಅಷ್ಟೇ ನಂಬಿದ್ದೇನೆ.

ನನ್ನ ಮದುವೆಯನ್ನು ನಿಶ್ಚಯ ಮಾಡಿದ್ದೂ ಒಂದು ಗೋಡೆಯೇ! ತೊಂಬತ್ತರ ದಶಕದ ನಡುವಿನ ಮಾತು. ರಾಮದುರ್ಗ ತಾಲೂಕಿನ ಕಟಕೋಳಕ್ಕೆ ಹುಡುಗಿ ನೋಡಲು ಹೋಗಿದ್ದೆವು. ಆಗ ನಮ್ಮ ಕಡೆ ಹುಡುಗಿಯ ಜೊತೆಗೆ ಹುಡುಗಿಯ ಕೈಗೆಲಸವನ್ನೂ ತೋರಿಸುತ್ತಿದ್ದರು. ಮಣಿ ಪೋಣಿಸಿ ಮಾಡಿದ ಗಿಳಿಯೋ ನವಿಲೋ ಗಾಜಿನ ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಯಲ್ಲಿರಬೇಕು. ಬಂದವರು ಅದನ್ನು ನೋಡಿ ಹೂಂಗುಟ್ಟಬೇಕು. ಮದುವೆಯಾದರೆ ಅದು ಹುಡುಗಿಯ ಟ್ರಂಕಿನ ಜೊತೆ ಗಂಡನ ಮನೆಗೆ ಹೋಗಬೇಕು. ಕಟಕೋಳದ ಗೋಡೆಯ ಮೇಲೆ ಕಪ್ಪು ಮಖಮಲ್ಲಿನಲ್ಲಿ ಬಿಳಿ ಮಣಿಯ ಎರಡು ಹಂಸಗಳಿದ್ದವು. ಕೆಳಗೆ ನೀಲಿ ಮಣಿಯ ನೀರು. ಆದರೆ ಹಂಸಗಳು ಈಜುತ್ತಿರಲಿಲ್ಲ. ಕೋಳಿಯಂತೆ ಕೆಂಪು ಕಾಲೂರಿ ನೀರಿನ ಮೇಲೆ ನಿಂತಿದ್ದವು! ತಿನ್ನುತ್ತಿದ್ದ ಶಿರಾ ನೆತ್ತಿಗೇರಿ ನಾನು ಕೆಮ್ಮಿದೆ.

"ನಮ್ಮ ಹುಡುಗೀದಽ ಕೈಗೆಲಸ ರೀ" ಎಂದರು ಹುಡುಗಿಯ ತಾಯಿ.

ಅತ್ತೆ ತಟ್ಟೆ ಕೆಳಗಿಟ್ಟು ಎದ್ದಳು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆಮೇಲೆ ಹುಡುಗಿಯ ಬಳಿ ಕೂತು, ಅವಳ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ನಮ್ಮಪ್ಪನ ಕಡೆ ತಿರುಗಿ, "ಕೈ ಭಾಳ ಚಲೋ ಐತಿ. ಅಣ್ಣಾ, ಮಾತು ಮುಗಸು" ಎಂದಳು. ನನ್ನನ್ನು ಯಾರೂ ಕೇಳಲಿಲ್ಲ. ಹಂಸಗಳೂ ನಾನೂ ಒಂದೇ ಮನೆ ಸೇರಿದೆವು.

ಎರಡು ಸಾವಿರದ ಇಸವಿಯ ಈಚೆಗೆ ಅತ್ತೆಯ ಕಣ್ಣು ಮಂಜಾಗತೊಡಗಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹುಬ್ಬಳ್ಳಿಯ ಡಾಕ್ಟರು, ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದೂ ಎಷ್ಟು ದಿನ ಉಳಿದೀತೋ ಹೇಳಲಾಗದು ಎಂದರು. ಅದನ್ನು ಕೇಳಿ ಬಂದವಳು ಅಳಲಿಲ್ಲ, ಕರೆಯಲಿಲ್ಲ. ಸೂಜಿಗಳನ್ನೆಲ್ಲ ಹುಡುಗಿಯರಿಗೆ ಹಂಚಿ, ನಮ್ಮದೇ ಓಣಿಯ ಕೊನೆಯಲ್ಲಿ ಎರಡು ಖೋಲಿಯ ಮನೆ ಹಿಡಿದು, ಅಲ್ಲಿಗೆ ಹೊರಟು ನಿಂತಳು.

"ಯಾಕವ್ವಾ, ನಮ್ಮ ಮನ್ಯಾಗ ಏನು ಕಡಿಮಿ ಆತು?" ಎಂದು ಅಪ್ಪ ಕೇಳಿದ.

"ಗೋಡಿ ಕಡಿಮಿ ಆತು. ಇಲ್ಲಿ ಗೋಡಿ ಎಲ್ಲಾ ನಿಮ್ಮ ಮಂದೀನಽ ಹಿಡದಾರ. ನನಗ ನನ್ನದಂತ ಒಂದು ಗೋಡಿ ಬೇಕು. ಕಣ್ಣು ಇರೋದ್ರಾಗ ಅದರ ಮ್ಯಾಲೆ ಒಂದು ಚಂದನ್ನ ವಸ್ತು ಹಾಕಬೇಕು. ಮುಂಜಾನೆದ್ದು ನೋಡಬೇಕು. ಆಮ್ಯಾಲೆ ಕಣ್ಣು ಹೋದರ ಹೋಗವಲ್ಲದಾಕ."

ಹೊಸ ಮನೆಯ ಬಾಗಿಲಿಗೆ ಎದುರಾಗಿ ಸುಣ್ಣ ಬಳಿದ ಬೋಳು ಗೋಡೆ. ನಾವೆಲ್ಲ ಅದರ ಮೇಲೆ ಮುಗಿಬಿದ್ದೆವು. ಮೊದಲು ಅಪ್ಪ, ಕಾಳು ಕೊಳ್ಳುವ ಅಡತಿ ಅಂಗಡಿಯವರು ಕೊಟ್ಟ ದೇವರ ಪಟ ತಂದ.

"ದೇವರು ಒಳಗ ಜಗಲಿ ಮ್ಯಾಲೆ ಆರಾಮ ಅದಾನ. ಅವನ್ನ ಪಡಸಾಲಿಗೆ ತಂದು ಬಂದವರ ಚಪ್ಪಲಿ ಕಾಯಾಕ ಹಚ್ಚಲೇನು?" ಪಟ ವಾಪಸಾಯಿತು.

ಬೈಲಹೊಂಗಲದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು, ನಾನು ಅಕ್ಕಾ ಎನ್ನುವವಳು, ಆಳೆತ್ತರದ ಪೋಸ್ಟರು ಕಳಿಸಿದಳು. ಹಿಮದ ಗುಡ್ಡ, ಜಲಪಾತ, ಹೂವಿನ ನಡುವೆ ಒಂದು ಕಟ್ಟಿಗೆಯ ಮನೆ. ಆಗ ಊರಿನ ಅರ್ಧ ಮನೆಗಳಲ್ಲಿ ಇದೇ ಜಲಪಾತ ಸುರಿಯುತ್ತಿತ್ತು! ಅತ್ತೆ ಎರಡು ದಿನ ನೋಡಿದಳು.

"ತಮ್ಮಾ, ಈ ಮನ್ಯಾಗ ಹೊಗಿ ಕಾಣವಲ್ದು. ಮುಂಜಾನೆ ನೋಡಿದ್ನಿ, ಸಂಜೀಕೂ ನೋಡಿದ್ನಿ. ಒಲೀನಽ ಹಚ್ಚಿಲ್ಲ. ಉಪವಾಸ ಬಿದ್ದ ಮಂದೀನ ದಿನಾ ನೋಡಕೋತ ನಾ ಹ್ಯಾಂಗ ರೊಟ್ಟಿ ತಿನ್ಲಿ?"

ವಿಶ್ವವಿದ್ಯಾಲಯದಲ್ಲಿ ಓದಿದವನು ಸುಮ್ಮನಿರಲಾದೀತೆ? ನಾನು ಧಾರವಾಡದ ಪ್ರದರ್ಶನವೊಂದರಿಂದ ನವ್ಯ ಚಿತ್ರ ತಂದೆ. ಕಂದು ಬಣ್ಣದಲ್ಲಿ ಕೆಲವು ತ್ರಿಕೋನಗಳು. ಅತ್ತೆ ಅದನ್ನು ನಾಲ್ಕೂ ಕಡೆ ತಿರುಗಿಸಿ, "ಇದರ ತಲಿ ಯಾವ ಕಡೆ?" ಎಂದಳು. ನನಗೂ ಗೊತ್ತಿರಲಿಲ್ಲ. "ಹಿಂಗಽ ಇರಲಿ ಬಿಡು. ತಿಂಗಳು ಬಿಟ್ಟು ಯಾವ ಅಂಚಿನ ಮ್ಯಾಲೆ ಧೂಳು ಕುಂತಿರತೈತೋ ಅದಽ ತಲಿ" ಎಂದಳು. ತಿಂಗಳು ತಡೆಯಲಿಲ್ಲ, ಮೂರನೆಯ ದಿನ ಅದು ಹಿಟ್ಟಿನ ಡಬ್ಬಿಯ ಮುಚ್ಚಳವಾಗಿತ್ತು.

ಕೊನೆಗೆ ಅಪ್ಪ ಅಜ್ಜನ ಫೋಟೋ ತಂದ. ಅದಕ್ಕೆ ಮಾತ್ರ ಅವಳು ನಗಲಿಲ್ಲ.

"ಅಂವ ನನ್ನದನ್ನ ಗೋಡಿ ಮ್ಯಾಲಿಂದ ತಗದು ಮಂದಿಗೆ ಕೊಟ್ಟಂವ. ಅವನ್ನ ನನ್ನ ಗೋಡಿಗೆ ಹಾಕಲೇನು?"

ಅಪ್ಪ ಫೋಟೋವನ್ನು ಮಗ್ಗುಲಲ್ಲಿ ಇರುಕಿಕೊಂಡು ಹೊರಬಿದ್ದ. ದಾರಿಯಲ್ಲಿ ನನಗೆ ಹೇಳಿದ: ಅತ್ತೆಯನ್ನು ನೋಡಲು ರಾಮದುರ್ಗದಿಂದ ಒಂದು ಮನೆತನದವರು ಬಂದಿದ್ದರಂತೆ. ತಿಂದು, ಗೋಡೆಯ ಮೇಲೆ ಅವಳು ಮಾಡಿದ ಹಂಸಗಳನ್ನು ಬಾಯ್ತುಂಬ ಹೊಗಳಿ, ಹುಡುಗಿಯ ಬಣ್ಣ ಕಡಿಮೆ ಎಂದು ಬೇಡವೆಂದರಂತೆ. ಹೊರಡುವಾಗ ಹುಡುಗನ ತಾಯಿ, "ಇದೊಂದು ಕೊಡ್ರಿ, ನಮ್ಮ ಪಡಸಾಲಿಗೆ ಒಪ್ಪತೈತಿ" ಎಂದಳಂತೆ. ಹುಡುಗಿ ಬೇಡ, ಹಂಸ ಬೇಕು! ಮನೆಗೆ ಬಂದವರಿಗೆ ಇಲ್ಲ ಎನ್ನಲಾಗದೆ ಅಜ್ಜ ತೆಗೆದು ಕೊಟ್ಟುಬಿಟ್ಟನಂತೆ. ಆಮೇಲೆ ತನಗಾಗಿ ಅತ್ತೆ ಏನನ್ನೂ ಮಾಡಲಿಲ್ಲವಂತೆ.

ಗೋಡೆ ಬೋಳಾಗಿಯೇ ಉಳಿಯಿತು. ಒಂದು ದಿನ ಅತ್ತೆ, "ಮಂದಿ ಏನೇನು ಹಾಕ್ಯಾರ ನೋಡ್ಕೊಂಡು ಬರೂಣ ನಡಿ" ಎಂದು ನನ್ನನ್ನು ಹೊರಡಿಸಿದಳು. ಮೊದಲು ಬೈಲಹೊಂಗಲದ ಅಕ್ಕನ ಮನೆ. ಒಳಗೆ ಕಾಲಿಡುತ್ತಲೇ ನಾನು ನಿಂತುಬಿಟ್ಟೆ. ಆ ಮನೆಗೆ ನೂರು ಸಲ ಹೋಗಿ ಚಹಾ ಕುಡಿದವನು ಅದರ ಗೋಡೆಯನ್ನು ನೋಡಿದ್ದು ಅವತ್ತೇ! ಕಪ್ಪು ಮಖಮಲ್ಲು, ಬಿಳಿ ಹಂಸಗಳು, ಕೆಂಪು ಕಾಲು.

"ಮದುವಿ ಮುಂದ ನಾನಽ ಮಾಡಿದ್ದು" ಎಂದಳು ಅಕ್ಕ.

"ಚಲೋ ಮಾಡೀದಿ" ಎಂದಳು ಅತ್ತೆ, ಚೌಕಟ್ಟನ್ನು ನೆಟ್ಟಗೆ ಮಾಡುತ್ತ.

ಮರುದಿನ ಕಿತ್ತೂರು. ಹೊಲಿಗೆ ಕಲಿತು ಹೋದ ಹುಡುಗಿಯೊಬ್ಬಳ ಗಂಡನ ಮನೆ. ಅಲ್ಲಿಯೂ ನೀರಿನ ಮೇಲೆ ನಿಂತ ಹಂಸಗಳು! "ಇದು ನಮ್ಮ ಸೊಸೀ ಕೈಗೆಲಸ ರೀ" ಎಂದರು ಆ ಮನೆಯವರು. "ಚಲೋ ಮಾಡ್ಯಾಳ" ಎಂದಳು ಅತ್ತೆ. ಸೊಸೆ ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಇನ್ನೊಂದು ದಿನ ರಾಮದುರ್ಗ. ಅಲ್ಲಿ ಒಂದು ಓಣಿಯಲ್ಲಿ, ಒಂದು ಮನೆಯ ಮುಂದೆ ಅತ್ತೆ ನಿಂತಳು. ಬಾಗಿಲು ತೆರೆದಿತ್ತು, ಒಳಗೆ ಕತ್ತಲೆಯಿತ್ತು. ಕಣ್ಣಿನ ಮೇಲೆ ಕೈ ಮರೆಮಾಡಿ ಬಹಳ ಹೊತ್ತು ನೋಡಿ, "ಏನೂ ಕಾಣವಲ್ದು. ನಡಿ, ಬಸ್ಸು ತಪ್ಪತೈತಿ" ಎಂದಳು.

ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ. "ಅತ್ತಿ, ಆ ಹಂಸ ಎಲ್ಲಾ ನೀ ಮಾಡಿಕೊಟ್ಟದ್ದು ಹೌದಿಲ್ಲೋ?"

"ನಿನಗ್ಯಾರು ಹೇಳಿದ್ರು?"

"ನನಗ ನೆನಪೈತಿ. ನಾ ಸಣ್ಣಾಂವಿದ್ದಾಗ ನೀ ಪುಸ್ತಕದಾಗಿನ ಚಿತ್ರ ನೋಡಿ, ಪಾಪ, ಇವಕ್ಕ ಕಾಲಽ ಇಲ್ಲ ಅಂತ ಪೆನ್ಸಿಲ್‌ಲೆ ಕಾಲು ತಗದಿದ್ದಿ."

"ಹೋದ ವಾರ ಛತ್ರಿ ಎಲ್ಲಿ ಬಿಟ್ಟು ಬಂದಿ, ಅದು ನೆನಪೈತೇನು?"

ನನ್ನ ಕಾಯಿಲೆ ಕೆರಳಿತು. ಆ ಪೆನ್ಸಿಲ್ಲು, ಆ ಪುಸ್ತಕ, "ಪಾಪ" ಎಂದ ಆ ದನಿ, ಇವನ್ನು ನಾನು ನಿಜವಾಗಿ ಕಂಡಿದ್ದೆನೇ? ಅಥವಾ ಬೈಲಹೊಂಗಲದ ಗೋಡೆ ನೋಡಿದ ಮೇಲೆ ನನ್ನ ತಲೆ ಕಟ್ಟಿಕೊಟ್ಟ ಕತೆಯೇ? ಈ ಸೀಮೆಯ ಹುಡುಗಿಯರೆಲ್ಲ ಹಂಸಕ್ಕೆ ಕಾಲು ಹಚ್ಚುತ್ತಿದ್ದಿರಬಾರದೇಕೆ? ನಮ್ಮ ಪೈಕಿ ಹಂಸ ಕಂಡವರು ಯಾರಿದ್ದಾರೆ? ಬಸ್ಸು ಸವದತ್ತಿ ಮುಟ್ಟುವಷ್ಟರಲ್ಲಿ ಇಷ್ಟು ಮಾತ್ರ ಹೊಳೆಯಿತು: ಇವಳು ಗೋಡೆಗೆ ಏನು ಹಾಕಬೇಕೆಂದು ನೋಡಲು ಹೊರಟವಳಲ್ಲ. ಕಣ್ಣು ಹೋಗುವ ಮೊದಲು ತನ್ನವನ್ನು ಇನ್ನೊಮ್ಮೆ ನೋಡಿಕೊಂಡು ಬರಲು ಹೊರಟವಳು.

ಹಾಗಾದರೆ ಒಂದನ್ನಾದರೂ ತಂದು ಅವಳ ಗೋಡೆಗೆ ಹಾಕಬೇಡವೇ? ಅಕ್ಕನ ಮನೆಗೆ ಒಬ್ಬನೇ ಹೋದೆ. ಅವಳ ಗಂಡನ ತಾಯಿ ಪಡಸಾಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು.

"ಅಕ್ಕಾ, ಆ ಹಂಸ ಅತ್ತಿಗೆ ಕೊಡು. ಅಕೀನಽ ಮಾಡಿಕೊಟ್ಟದ್ದಲ್ಲಾ?"

ಅಕ್ಕನ ಮುಖ ಸುಣ್ಣವಾಯಿತು. ಬೆಳ್ಳುಳ್ಳಿ ಬಿಡಿಸುವ ಕೈ ನಿಂತಿತು.

"ಏನಂತ ಮಾತಾಡತೀಯೋ? ಇಲ್ನೋಡು, ಈ ಬೆರಳಿಗೆ ಸೂಜಿ ಹೊಕ್ಕು ರಕ್ತ ಬಂದಿತ್ತು. ಇನ್ನೂ ನೋಯತೈತಿ!" ಎಂದು ಬೆರಳು ಚಾಚಿದಳು.

ಅವಳು ಸುಳ್ಳು ಹೇಳುತ್ತಿದ್ದಳೇ? ನನಗೆ ಹಾಗನ್ನಿಸಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಬೆರಳಿಗೂ ನೆನಪು ಬಂದುಬಿಟ್ಟಿತ್ತು. ಬೆರಳಿನ ಮುಂದೆ ನನ್ನ ಪೆನ್ಸಿಲ್ಲಿನ ಸಾಕ್ಷಿ ಎಷ್ಟರದು?

ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅಕ್ಕನ ಬೆರಳನ್ನು ಅಣಕಿಸಿಯೂ ತೋರಿಸಿದೆ. ಅವಳು ನಗಲಿಲ್ಲ. ರವಿವಾರ ಮುಂಜಾನೆ ನೋಡುತ್ತೇನೆ, ನಮ್ಮ ಪಡಸಾಲೆಯ ಗೋಡೆಯಲ್ಲಿ ಚೌಕಾಕಾರದ ಬಿಳಿ ಗುರುತೊಂದೇ ಉಳಿದಿದೆ! ಹಳೆಯ ಸೀರೆಯಲ್ಲಿ ಸುತ್ತಿದ ಗಂಟನ್ನು ಎದೆಗವಚಿಕೊಂಡು ಅವಳು ಬಾಗಿಲಲ್ಲಿ ನಿಂತಿದ್ದಳು. "ಸವದತ್ತಿಗೆ ಹೋಗೂಣ ನಡೀರಿ."

ಬಸ್ಸಿನಲ್ಲಿ ನಾನು ಬಾಯಿಬಿಟ್ಟೆ. "ಅಲ್ಲ, ಇದು ನೀ ಮಾಡಿದ್ದು..."

"ನಿಮ್ಮ ಅಂಗಿ ಗುಂಡಿ ಕಿತ್ತರ ಯಾರು ಹಚ್ಚತಾರ?"

"ಟೇಲರ್ ಅಂಗಡಿ ಸಿಂಪಿಗ್ಯಾ."

"ಲಗ್ನ ಆದಾಗಿಂದ?"

"ಹೂಂ."

"ನನಗ ಸೂಜ್ಯಾಗ ದಾರ ಪೋಣಸಾಕೂ ಬರೂದಿಲ್ಲ. ಇಷ್ಟು ಕಲ್ತೀರಿ, ಇದೊಂದು ತಿಳೀಲಿಲ್ಲಾ?"

ಜಗತ್ತಿನ ಸಕಲವನ್ನೂ ಸಂಶಯಿಸಿದವನು ನನ್ನ ಮನೆಯ ಗೋಡೆಯನ್ನು ಮಾತ್ರ ಬಿಟ್ಟಿದ್ದೆ!

ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ನಮ್ಮವ್ವ ಯಾರ ಕಡಿಂದಲೋ ತರಿಸಿದ್ಲು. ಅತ್ತೆವ್ರಿಗೆ ಅವತ್ತಽ ಗೊತ್ತಾಗಿತ್ತು ರೀ. ಗಾಜಿನ ಮುಂದಿಂದ ಹೊಳ್ಳಿ ನನ್ನ ಮಾರಿ ನೋಡಿದ್ರು. ನನ್ನ ಅಂಗೈ ಬೆವತು ನೀರಾಗಿತ್ತು. ಹಿಡಕೊಂಡು, ಸೆರಗಿಲೆ ಒರಸಿ, ಆಮ್ಯಾಲೆ ಕೈ ಚಲೋ ಐತಿ ಅಂದ್ರು."

ನಾವು ಹೋದಾಗ ಅತ್ತೆ ಬೋಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಬಾಗಿಲಲ್ಲಿ ನಿಂತವರು ಯಾರೆಂದು ದನಿ ಕೇಳಿದ ಮೇಲೆಯೇ ಅವಳಿಗೆ ತಿಳಿದದ್ದು. ತಡಮಾಡಿದೆವೇನೋ. ಮಗ್ಗುಲಲ್ಲಿ ಎದುರು ಮನೆಯ ಹೆಂಗಸು ಕಾಳು ಹಸನು ಮಾಡುತ್ತಿದ್ದಳು. ಹೆಂಡತಿ ಗಂಟು ಬಿಚ್ಚಿ, ಅತ್ತೆಯ ತೊಡೆಯ ಮೇಲಿಟ್ಟಳು. ಅತ್ತೆ ಗಾಜಿನ ಮೇಲೆ ಕೈಯಾಡಿಸಿದಳು.

"ಗಾಜು ತಗಿ."

ಹಿಂದಿನ ಮೊಳೆ ಕಿತ್ತು ಗಾಜು ತೆಗೆದೆ. ಅವಳ ಬೆರಳು ಕೊರಳಿನಿಂದ ಇಳಿಯಿತು, ಬೆನ್ನಿನ ಮೇಲೆ ಹೋಯಿತು, ಹೊಟ್ಟೆಯ ಕೆಳಗೆ ಹೋಗಿ ಕಾಲಿನ ಮೇಲೆ ನಿಂತಿತು. ಒಂದೊಂದೇ ಕಾಲನ್ನು ಮುಟ್ಟಿದಳು.

"ಅತ್ತೆವ್ರ, ಇದು ನಿಮ್ಮದು. ನಿಮ್ಮ ಗೋಡಿಗೆ ಇರಲಿ" ಎಂದಳು ನನ್ನ ಹೆಂಡತಿ.

ಎದುರು ಮನೆಯ ಹೆಂಗಸು ಮೊರ ಬಿಟ್ಟು ಕೊರಳು ಚಾಚಿದಳು. "ಅಯ್ಯ, ಎಷ್ಟು ಚಂದ ಐತ್ರಿ! ಯಾರು ಮಾಡಿದ್ರೀ ಇದನ್ನ?"

ಅತ್ತೆ ಕೈ ಚಾಚಿ ಗಾಳಿಯಲ್ಲಿ ಹುಡುಕಿದಳು. ಹೆಂಡತಿಯ ಕೈ ಸಿಕ್ಕಿತು. ಅಂಗೈಯನ್ನು ಸೆರಗಿನಿಂದ ಒರೆಸಿದಳು.

"ನಮ್ಮ ಸೊಸಿ ಮಾಡ್ಯಾಳ. ಇಕೀ ಕೈ ಭಾಳ ಚಲೋ ಐತಿ. ನಾ ಅವತ್ತಽ ಹೇಳಿದ್ದೆ" ಎಂದಳು.

ನಾನು ಹಂಸಗಳನ್ನು ಗೋಡೆಗೆ ಹಾಕಿದೆ. ಸೊಟ್ಟಗಾಗಿತ್ತೋ ನೆಟ್ಟಗಿತ್ತೋ ಈಗ ನೆನಪಿಲ್ಲ. ಅತ್ತೆ ಎದ್ದು ಬಂದು ಬೆರಳಿನಿಂದ ಸರಿಮಾಡಲಿಲ್ಲ, ಅದು ನೆನಪಿದೆ. ಅವಳು ಆ ಕೈಯನ್ನು ಬಿಟ್ಟಿರಲಿಲ್ಲ.