ಅಂಜುಬುರುಕನ ರಿಟ್ ಅರ್ಜಿ

ನಮ್ಮ ಸೋದರಮಾವನಷ್ಟು ಅಂಜುಬುರುಕ ಮನುಷ್ಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ಇಂಥವನು ಸರ್ಕಾರದ ಮೇಲೆ ಹೈಕೋರ್ಟಿನಲ್ಲಿ ಕೇಸು ಹಾಕಿದ್ದಾನೆ ಎಂದರೆ ನೀವು ನಂಬುತ್ತೀರಾ? ನಾನಂತೂ ನಂಬಿರಲಿಲ್ಲ. ನಂಬಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಏಕೆಂದರೆ ನಾನು ಸರ್ಕಾರಿ ಶಾಲೆಯ ಮಾಸ್ತರಣಿ, ಆತನ ಮನೆಯಿಂದ ನಾಲ್ಕು ಮನೆ ಆಚೆ ಇರುವವಳು! ಊರ ಹೆಸರು ಹೇಳುವುದಿಲ್ಲ. ಅಕ್ಕಿಆಲೂರಿನ ಆಸುಪಾಸು ಎಂದುಕೊಳ್ಳಿ, ಅಷ್ಟು ಸಾಕು.

ಮಾವನ ಅಂಜಿಕೆ ಸುಮ್ಮನೆ ಬಂದ ಅಂಜಿಕೆಯಲ್ಲ. ಒಂದೊಂದಕ್ಕೂ ಪಕ್ಕಾ ಕಾರಣವಿದೆ. ಫ್ಯಾನಿನ ಕೆಳಗೆ ಆತ ಕೂರುವುದಿಲ್ಲ. ಯಾಕೆಂದರೆ ನಮ್ಮ ಅವ್ವನ ಮದುವೆಯಲ್ಲಿ ಫ್ಯಾನು ಕಳಚಿ ಗೋಧಿಹುಗ್ಗಿಯ ಕೊಪ್ಪರಿಗೆಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಾನೆ. ಬಸ್ಸಿನಲ್ಲಿ ಕಂಡಕ್ಟರನ ಪಕ್ಕದ ಸೀಟೇ ಆಗಬೇಕು. ಏನಾದರೂ ಆದರೆ ಬಾಗಿಲು ಆತನ ಕೈಯಲ್ಲಿರುತ್ತದಲ್ಲ! ಇನ್ನು ನಾಯಿ. ಆತನ ಮನೆಗೂ ನಮ್ಮ ಮನೆಗೂ ನಡುವೆ ನಾಲ್ಕು ನಾಯಿಗಳಿವೆ. ಅದರಲ್ಲೊಂದು ಕಚ್ಚಿದ ಗುರುತು ಮೀನಖಂಡದ ಮೇಲಿದೆ. ಬಡಿಗೆ ಇಲ್ಲದೆ ಆತ ನಮ್ಮ ಓಣಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಇಷ್ಟಕ್ಕೆಲ್ಲ ಯಾಕೆ ಅಂಜುತ್ತೀ ಎಂದು ನಾನು ನಕ್ಕಾಗ ಒಮ್ಮೆ ಹೇಳಿದ್ದ: "ಅಂಜಿಕಿಗೆ ಒಂದ ಕಾರಣ ಇರಬೇಕವಾ. ಕಾರಣ ಗೊತ್ತಿದ್ರ ಅದರ ಜೋಡಿ ಸಂಸಾರ ಮಾಡಾಕ ಬರತೈತಿ."

ಎಲ್ಲಕ್ಕಿಂತ ದೊಡ್ಡ ಅಂಜಿಕೆ ಸರ್ಕಾರಿ ಲಕೋಟೆಯದು. ಅದು ಬಂತೆಂದರೆ ಮೂರು ದಿನ ಒಳಕಲ್ಲಿನ ಗುಂಡಿನ ಕೆಳಗೆ ಇಡುತ್ತಾನೆ. ಅದರ ಸಿಟ್ಟು ಇಳಿಯಲಿ ಎಂದಂತೆ! ನಾಲ್ಕನೆಯ ದಿನ ಅತ್ತೆ ಬೈಯುತ್ತ ಬಿಚ್ಚುತ್ತಾಳೆ, ಮಾವ ಬಾಗಿಲ ಹಿಂದೆ ನಿಂತು ಕೇಳುತ್ತಾನೆ. ಒಮ್ಮೆ ಅದರೊಳಗೆ ಮತದಾರರ ಗುರುತಿನ ಚೀಟಿ ಇತ್ತು. ಹೆದರುವಂಥದ್ದೇನಿಲ್ಲ ಎಂದು ಅತ್ತೆ ಕೈಗೆ ಕೊಟ್ಟಳು. ಅದರಲ್ಲಿದ್ದ ತನ್ನದೇ ಫೋಟೋ ನೋಡಿ ಮತ್ತೊಮ್ಮೆ ಬೆಚ್ಚಿಬಿದ್ದ.

ಇಂಥ ಮಾವ ಕೇಸು ಹಾಕಿದ್ದಕ್ಕೆ ಮೂಲ ಒಂದು ಗ್ಲಾಸು ನೀರು.

ಮೂರು ವರ್ಷದ ಹಿಂದೆ ನನ್ನ ಮಗಳಿಗೆ ಕಾಮಾಲೆಯಾಯಿತು. ನಳದ ನೀರಿನಿಂದ ಎಂದರು ಡಾಕ್ಟರು. ಹದಿನಾರು ದಿನ ದವಾಖಾನೆ. ಕೂಸಿನ ಕಣ್ಣು ಅರಿಶಿನ ಬಳಿದ ಹಾಗಾಗಿತ್ತು. ಮಾವ ಬಾಗಿಲಲ್ಲಿ ನಿಂತು ಆ ಕಣ್ಣು ನೋಡಿ ಹೋದ. ಮಾರನೆಯ ಬೆಳಿಗ್ಗೆಯಿಂದ ಶುರುವಾಯಿತು. ಆತ ಮೂವತ್ತು ವರ್ಷ ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ಸ್ಯಾಂಪಲ್ ನೋಡುವ ಕೆಲಸ ಮಾಡಿದವನು. ಚೀಲದಿಂದ ಹಿಡಿ ಅಕ್ಕಿ ತೆಗೆದು, ಬೆಳಕಿಗೆ ಹಿಡಿದು, ಕಲ್ಲು ಎಷ್ಟು, ನುಚ್ಚು ಎಷ್ಟು ಎಂದು ಹೇಳುವುದು. ಈಗ ನಳ ಬಂದ ಕೂಡಲೇ ಗಾಜಿನ ಗ್ಲಾಸು ತುಂಬಿ, ಕಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದು, ಜಾಲತಾಣದಲ್ಲಿ 'ಇಂದಿನ ನೀರು' ಎಂಬ ಪುಟ ಮಾಡಿ ಹಾಕತೊಡಗಿದ. ಫೋಟೋ ಮತ್ತು ತಾರೀಕು, ಅಷ್ಟೇ. ಒಂದು ಅಕ್ಷರವೂ ಬರೆಯುತ್ತಿರಲಿಲ್ಲ. ಬರೆದರೆ ಸಿಕ್ಕಿಬೀಳುತ್ತೇವೆ, ನೀರಿನ ಫೋಟೋಕ್ಕೆ ಯಾವ ಕೇಸು ಎಂಬುದು ಆತನ ಲೆಕ್ಕ.

ಊರೆಲ್ಲ ಬೆಳಿಗ್ಗೆ ಎದ್ದು ಮೊದಲು ದೇವರ ಫೋಟೋ, ಆಮೇಲೆ ಮಾವನ ಗ್ಲಾಸು ನೋಡುವ ರೂಢಿ ಮಾಡಿಕೊಂಡಿತು. ತಿಳಿ ಇದ್ದರೆ ಕುಡಿಯುವುದು, ಮಬ್ಬಿದ್ದರೆ ಕಾಸುವುದು, ಬಣ್ಣ ಬಂದಿದ್ದರೆ ಬೋರಿಗೆ ಹೋಗುವುದು. ಕಳೆದ ಮಳೆಗಾಲದಲ್ಲಿ ಎಂಟು ದಿನ ಸತತ ಚಹಾ ಬಣ್ಣದ ನೀರು ಬಂತು. ಆ ಎಂಟು ಗ್ಲಾಸುಗಳ ಫೋಟೋ ಜಿಲ್ಲೆಯೆಲ್ಲ ತಿರುಗಿತು. ಒಂಬತ್ತನೆಯ ದಿನ ಪುಟ ತೆರೆದರೆ ನೀರೂ ಇಲ್ಲ, ಗ್ಲಾಸೂ ಇಲ್ಲ. ಕಾನೂನಿನ ಕೋರಿಕೆಯ ಮೇರೆಗೆ ಈ ಪುಟ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂಬ ಒಂದೇ ಸಾಲು. ಹಾಗಾದರೆ ಬೇರೆ ದೇಶದವರು ನಮ್ಮೂರ ನೀರು ನೋಡಬಹುದು, ನಾವು ನೋಡಬಾರದೇ ಎಂದು ಅತ್ತೆ ಕೇಳಿದಳು.

ಆಮೇಲೆ ಹಬ್ಬಿತು ನೋಡಿ ಅಂಜಿಕೆ! ಪುಟಕ್ಕೆ ಲೈಕಿನ ಹೆಬ್ಬೆರಳು ಒತ್ತಿದವರೆಲ್ಲ ತಾವು ಒತ್ತಿಯೇ ಇಲ್ಲ ಎಂದು ಹೆಬ್ಬೆರಳು ಮುಚ್ಚಿಕೊಂಡರು. ಕಟಿಂಗ್ ಅಂಗಡಿಯವನು ತಾನು ಫೋಟೋದ ಕೆಳಗೆ ಹಾಕಿದ್ದ ಚಿಕ್ಕ ಚಿತ್ರ ನೀರಿನ ಹನಿಯಲ್ಲ, ಬೆವರಿನ ಹನಿ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಅಡ್ಡಾಡಿದ. ನಾನೇನು ಕಡಿಮೆ? ಮೊಬೈಲು ಆರಿಸಿ ಎರಡು ದಿನ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ. ನಾಲ್ಕನೆಯ ತರಗತಿಯಲ್ಲಿ 'ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ' ಎಂದು ಪಾಠ ಮಾಡುವಾಗ ಕಿಟಕಿಯ ಕಡೆ ನೋಡಿದೆ. ಇದು ಸರ್ಕಾರದ ಪರವಾಯಿತೋ ವಿರುದ್ಧವಾಯಿತೋ ತಿಳಿಯದೆ ಪಾಠ ನಿಲ್ಲಿಸಿ ಮಗ್ಗಿ ಹೇಳಿಸಿದೆ. ನಗಬೇಡಿ. ಹೊರಗೆ ಜೀಪಿನ ಸಪ್ಪಳವಾದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಒಂದೇ ಸಂಬಳದ ಮೇಲೆ ಮನೆ ನಡೆಸುವವರಿಗೆ ಗೊತ್ತು.

ಮಾವ ಇನ್ನು ಮಂಚದ ಕೆಳಗೇ ಇರುತ್ತಾನೆ ಎಂದುಕೊಂಡಿದ್ದೆವು. ಎರಡು ದಿನ ಹಾಗೇ ಇದ್ದ ಕೂಡ. ಮೂರನೆಯ ದಿನ ಎದ್ದು, ಕಾರಣ ಕೇಳಿ ಕಚೇರಿ ಕಚೇರಿ ಸುತ್ತಿದ. ಆದೇಶ ಮೇಲಿನಿಂದ ಬಂದದ್ದು, ಕಾರಣ ಗುಪ್ತ ಎಂಬುದೇ ಎಲ್ಲ ಕಡೆಯ ಉತ್ತರ. ಕೊನೆಗೆ ಧಾರವಾಡದಲ್ಲಿ ವಕೀಲಿ ಮಾಡುವ ಸವಣೂರಿನ ಹುಡುಗಿಯೊಬ್ಬಳನ್ನು ಹುಡುಕಿದ. ವೀಳ್ಯದೆಲೆ ವ್ಯಾಪಾರಿಯ ಮಗಳು, ಮಾತಿನಲ್ಲಿ ಸುಣ್ಣವೂ ಇತ್ತು, ಅಡಿಕೆಯೂ ಇತ್ತು. ಸರ್ಕಾರದಿಂದ ನಿಮಗೆ ಏನು ಬೇಕು ಕಾಕಾ ಎಂದು ಆಕೆ ಕೇಳಿದಳಂತೆ.

"ನಾ ಅಂಜಾಕ ತಯಾರದೇನಿ," ಎಂದನಂತೆ ಮಾವ. "ಯಾವುದಕ್ಕ ಅಂಜಬೇಕು ಅನ್ನೂದು ಒಂದ ಹೇಳಾಕ ಹೇಳ್ರಿ."

ಆಕೆ ಪೆನ್ನು ಕೆಳಗಿಟ್ಟಳಂತೆ. ನೋಟಿಸಿಲ್ಲದೆ, ಕಾರಣ ಹೇಳದೆ, ಮಾತು ಕೇಳದೆ ಒಬ್ಬರ ಬಾಯಿ ಮುಚ್ಚಿಸಬಹುದೇ ಎಂಬುದೇ ಇಲ್ಲಿಯ ಕಾನೂನಿನ ಪ್ರಶ್ನೆ ಕಾಕಾ, ನೀವು ಒಂದೇ ಮಾತಿನಲ್ಲಿ ಹೇಳಿದಿರಿ ಎಂದಳಂತೆ. ಅದನ್ನೇ ಇಂಗ್ಲಿಷಿನಲ್ಲಿ ನಲವತ್ತು ಪುಟ ಮಾಡಿ ರಿಟ್ ಅರ್ಜಿ ಹಾಕಿದಳು.

ಅತ್ತೆಗೆ ಮೊಣಕಾಲು ನೋವು. ಹಾಗಾಗಿ ತಾರೀಕಿನ ದಿನ ಮಾವನ ಜೊತೆ ನಾನು ಹೋಗಬೇಕಾಯಿತು. ಶಾಲೆಗೆ ಹೊಟ್ಟೆನೋವು ಎಂದು ಬರೆದುಕೊಟ್ಟೆ. ಶಿಗ್ಗಾಂವಿ ದಾಟುವಷ್ಟರಲ್ಲಿ ಅದು ನಿಜವೇ ಆಯಿತು! ಧಾರವಾಡದ ಹೈಕೋರ್ಟ್ ಪೀಠದಲ್ಲಿ ಸೆರಗು ಮುಖಕ್ಕೆಳೆದುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತೆ. ಮಾವ ಮೊದಲು ಫ್ಯಾನು ಎಲ್ಲಿದೆ ನೋಡಿ, ಅದರ ನೇರ ತಪ್ಪಿಸಿ ಗೋಡೆಗೆ ಒರಗಿ ನಿಂತ. ನಮ್ಮ ಕೇಸು ಕರೆದರು. ಸರ್ಕಾರದ ವಕೀಲರು ಎದ್ದು, ಕಾರಣ ಗೋಪ್ಯವಾದದ್ದು, ಅರ್ಜಿದಾರರಿಗೆ ತೋರಿಸುವಂಥದ್ದಲ್ಲ ಎಂದು ಹೇಳಿ, ನ್ಯಾಯಮೂರ್ತಿಗಳ ಕಡೆಗೆ ಏನು ಕೊಟ್ಟರು ಗೊತ್ತೇ?

ಮುಚ್ಚಿದ ಲಕೋಟೆ!

ಅರಗಿನ ಮುದ್ರೆ ಹಾಕಿದ, ಕಂದು ಬಣ್ಣದ, ಸಾಕ್ಷಾತ್ ಸರ್ಕಾರಿ ಲಕೋಟೆ. ಜೀವಮಾನವೆಲ್ಲ ಲಕೋಟೆ ಕಂಡರೆ ಬಾಗಿಲ ಹಿಂದೆ ಸರಿಯುತ್ತಿದ್ದ ಮಾವ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಈಗ ಫ್ಯಾನಿನ ನೇರ ಕೆಳಗಿದ್ದಾನೆ, ಅದರ ಖಬರೂ ಇಲ್ಲ! ಆಯುಷ್ಯದಲ್ಲಿ ಮೊದಲ ಬಾರಿ ಆತ ಬಿಚ್ಚಿ ನೋಡಬೇಕೆಂದ ಲಕೋಟೆಯನ್ನು ಆತನಿಗೆ ಕೊಡುವುದಿಲ್ಲವೆಂದರು. ಅದನ್ನು ತೆರೆಯುವ ಬಗ್ಗೆ ಮುಂದಿನ ತಾರೀಕಿಗೆ ನೋಡೋಣ ಎಂದರು ನ್ಯಾಯಮೂರ್ತಿಗಳು.

ಹೊರಗೆ ಬೇವಿನ ಮರದ ಕೆಳಗೆ ವಕೀಲೆ ನಮಗೆ ತಿಳಿಸಿ ಹೇಳಿದಳು. ಲಕೋಟೆಯಲ್ಲಿ ಏನಿದೆಯೋ ಆಕೆಗೂ ಗೊತ್ತಿಲ್ಲ. ಆದರೆ ಈ ಪುಟ ಜನರಲ್ಲಿ ಭೀತಿ ಹುಟ್ಟಿಸಿತು ಎಂದು ಬರೆದಿರಬಹುದು ಎಂಬುದು ಆಕೆಯ ಅಂದಾಜು. ದಿನಾ ಆ ಫೋಟೋ ನೋಡುತ್ತಿದ್ದವರು ಯಾರಾದರೂ, ನಮಗೆ ಭೀತಿಯಾಗಿಲ್ಲ, ಉಪಕಾರವಾಗಿದೆ ಎಂದು ಅಫಿಡವಿಟ್ ಕೊಟ್ಟರೆ ಕೇಸಿಗೆ ಬಲ ಬರುತ್ತದೆ. ಹೇಳುತ್ತ ಹೇಳುತ್ತ ನನ್ನ ಕಡೆ ನೋಡಿದಳು. ನನ್ನ ನೌಕರಿಯ ಮಾತು ಹೇಳಿ ನಾನು ನೆಲ ನೋಡಿದೆ. ಮಾವ ತಕ್ಷಣ, "ಆಕೀನ ಬಿಡ್ರಿ. ಆಕಿ ಅಂಜಿಕಿಗೆ ಕಾರಣ ಐತಿ," ಎಂದ.

ಅಷ್ಟಕ್ಕೇ ನಾನು ಬಿಡಬಾರದಿತ್ತೇ? ಬಸ್ಸಿನಲ್ಲಿ ಮತ್ತೊಂದು ಮಾತು ಆಡಿದೆ. ಪುಟ ಹೋದ ಮೇಲೂ ಮಾವ ದಿನಾ ಬೆಳಿಗ್ಗೆ ಗ್ಲಾಸಿನ ಫೋಟೋ ನನಗೊಬ್ಬಳಿಗೆ ಕಳಿಸುತ್ತಿದ್ದ. ಇನ್ನು ಮೇಲೆ ಅದನ್ನೂ ನನ್ನ ಮೊಬೈಲಿಗೆ ಕಳಿಸಬೇಡ ಎಂದೆ. ಮಾವ ಆಗಲಿ ಎಂದು ತಲೆಯಾಡಿಸಿ ಕಿಟಕಿಯ ಹೊರಗೆ ನೋಡತೊಡಗಿದ. ಬೇಜಾರಾಯಿತೋ ಏನೋ, ಕೇಳುವ ಮೋರೆ ನನಗಿರಲಿಲ್ಲ.

ಮಾರನೆಯ ಬೆಳಿಗ್ಗೆ ನಳ ಬಂದ ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ನಾಯಿಗಳು ಒಂದೇ ಸಮನೆ ಬೊಗಳಿದವು. ಬಾಗಿಲು ತೆರೆದರೆ ಮಾವ ನಿಂತಿದ್ದ. ಎರಡೂ ಕೈಯಲ್ಲಿ ಹಿಡಿದ ಒಂದು ಗಾಜಿನ ಗ್ಲಾಸು. ಅಂಗಿಯ ಮುಂಭಾಗ ತೊಯ್ದಿತ್ತು, ಗ್ಲಾಸಿನಲ್ಲಿ ಅರ್ಧವೇ ಉಳಿದಿತ್ತು. ಬಡಿಗೆ ಇರಲಿಲ್ಲ. ಎರಡೂ ಕೈಯಲ್ಲಿ ಗ್ಲಾಸು ಹಿಡಿದವನು ಬಡಿಗೆ ಯಾವ ಕೈಯಲ್ಲಿ ಹಿಡಿದಾನು?

"ಇವತ್ತ ಮಬ್ಬೈತಿ," ಎಂದು ಗ್ಲಾಸು ಬೆಳಕಿಗೆ ಹಿಡಿದು ತೋರಿಸಿದ. "ಕೂಸಿಗೆ ಕಾಸಿ ಕೊಡು."

"ನಾಯಿ ಇರಲಿಲ್ಲೇನ ಮಾವಾ?"

"ನಾಲ್ಕೂ ಇದ್ವು."

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟೆ. ಮಗಳು ಒಳಗಿನಿಂದ ಬಂದು, ಏನಾಯಿತೆಂದು ತಿಳಿಯದೆ, ಅಜ್ಜನ ಕೈಯಿಂದ ಗ್ಲಾಸು ಇಸಿದುಕೊಂಡು ಕಟ್ಟೆಯ ಮೇಲಿಟ್ಟಳು. ಆತ ಮರಳಿ ಹೋಗುವಾಗ ನಾನೇ ಒಂದು ಬಡಿಗೆ ಹಿಡಿದು ಮನೆತನಕ ಬಿಟ್ಟುಬಂದೆ.

ಆ ವಾರವೇ ಧಾರವಾಡಕ್ಕೆ ಮತ್ತೆ ಹೋದೆವು. ಈ ಸಲ ರಜೆ ಚೀಟಿಯಲ್ಲಿ ಕೋರ್ಟು ಕೆಲಸ ಎಂದೇ ಬರೆದೆ. ಆ ಚಿತ್ರಗಳಿಂದ ನನಗೆ ಅಂಜಿಕೆಯಾಗಿಲ್ಲ, ನನ್ನ ಮಗಳು ಮತ್ತೆ ಹಾಸಿಗೆ ಹಿಡಿದಿಲ್ಲ ಎಂದು ಅಫಿಡವಿಟ್ಟಿನಲ್ಲಿತ್ತು. ಅದರ ಕೆಳಗೆ ಸಹಿ ಮಾಡಬೇಕೆಂದರೆ ಪೆನ್ನು ಕಾಗದದ ಮೇಲೆ ನಿಲ್ಲಲೊಲ್ಲದು. ಮಾವ ಬಂದು ಕಾಗದ ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿದ.

"ಯಾವುದಕ್ಕ ಅಂಜಾಕತ್ತೀ ಅನ್ನೂದು ಗೊತ್ತೈತಿಲ್ಲವಾ ನಿನಗ?"

"ಗೊತ್ತೈತಿ."

"ಮತ್ತ ಮಾಡು. ಗೊತ್ತಿದ್ರ ನಡೀತೈತಿ."

ಮಾಡಿದೆ. ನನ್ನ ಸಹಿ ಡೊಂಕಾಯಿತು. ಮಾವ ಕಾಗದ ಎತ್ತಿ, ಅಕ್ಕಿಯ ಸ್ಯಾಂಪಲ್ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದ.