ಹೆಬ್ಬೆರಳಿಗೆ ಗಂಟುಬಿದ್ದ ಪಾಯಿಖಾನೆ

ಊರಿಗೆಲ್ಲ ನಲ್ಲಿ ರಿಪೇರಿಯ ಉಪದೇಶ ಮಾಡುತ್ತಿದ್ದ ಆರ್ವಿಡ್ ಲಿಂಡ್‌ಗ್ರೆನ್‌ನ ಸ್ವಂತ ಪಾಯಿಖಾನೆಯೇ ಒಂದು ಮಂಗಳವಾರ ಸೋರತೊಡಗಿತು. ಇದು ದೊಡ್ಡ ಅನ್ಯಾಯವೆಂದು ಅವನಿಗೆ ಅನ್ನಿಸಿತು. ಸೋರಲೇಬೇಕೆಂದಿದ್ದರೆ ಪಕ್ಕದ ಓಡೆಲ್‌ನದು ಸೋರಬಹುದಿತ್ತು. ಓಡೆಲ್ ನಿವೃತ್ತ ಹಲ್ಲಿನ ಡಾಕ್ಟರು, ಸ್ಪ್ಯಾನರಿನ ಯಾವ ತುದಿ ಹಿಡಿಯಬೇಕೆಂದು ಈಗೀಗ ಕಲಿಯುತ್ತಿದ್ದವನು. ಆರ್ವಿಡ್ ಹಾಗಲ್ಲ. ಮಿನ್ನೆಸೋಟದಲ್ಲಿ ಮೂವತ್ತೆಂಟು ವರ್ಷ ಶಾಲಾ ಬಸ್ಸುಗಳ ಗ್ಯಾರೇಜು ಆಳಿದ ಚಕ್ರವರ್ತಿ.

ಊರಿನಲ್ಲಿ ಹಿಮ ಬೀಳುವ ಮೊದಲೇ ಅವನೂ ಹೆಂಡತಿ ಮೇವಿಸಳೂ ತಮ್ಮ ಗಾಡಿಮನೆ ಹತ್ತಿ ಅರಿಜೋನಾದ ಮರುಭೂಮಿಗೆ ಬಂದುಬಿಡುತ್ತಿದ್ದರು. ಹಾಸಿಗೆ, ಒಲೆ, ಪಾಯಿಖಾನೆ ಎಲ್ಲ ಒಂದೇ ಬಸ್ಸಿನ ಹೊಟ್ಟೆಯೊಳಗೆ. ಗಾಡಿಗೆ ಮೂವತ್ತೈದು ವರ್ಷ ತುಂಬಿತ್ತು. ಆರ್ವಿಡ್ ಅದನ್ನು ಮಹಾರಾಣಿ ಎಂದು ಕರೆಯುತ್ತಿದ್ದ. (ಮೇವಿಸ್ ಕರೆಯುತ್ತಿದ್ದ ಹೆಸರನ್ನು ಅಚ್ಚುಹಾಕುವಂತಿಲ್ಲ.) ಹೋದ ವರ್ಷ ಅಡುಗೆಮನೆಯ ಪೈಪು ಸೋರಿ, ಪ್ಲೈವುಡ್ ನೆಲ ಕೊಳೆತು, ಮೇವಿಸಳ ಒಂದು ಕಾಲು ನೆಲ ತೂರಿ ಅರಿಜೋನಾದ ಮರಳಿಗೆ ಇಳಿದಿತ್ತು. ಇನ್ನೊಂದು ಕಾಲೂ, ಕೈಯಲ್ಲಿದ್ದ ಆಮ್ಲೆಟ್ಟೂ ಗಾಡಿಯೊಳಗೇ ಉಳಿದಿದ್ದವು. ಅಂದಿನಿಂದ ಅವಳು ಒದ್ದೆ ನೆಲ ಕಂಡರೆ ಉರಿದುಬೀಳುತ್ತಿದ್ದಳು.

ಮಂಗಳವಾರ ಅವಳು ಪಾಯಿಖಾನೆಯ ಕಮೋಡಿನ ಹಿಂದಿನ ಒದ್ದೆಯನ್ನು ಬೆರಳಲ್ಲಿ ಮುಟ್ಟಿ, ಬೆರಳನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ರಿಪೇರಿಯವನಿಗೆ ಫೋನ್ ಮಾಡು."

"ಪಾಯಿಖಾನೆಗೆ ನೀರು ಬರೋ ಪೈಪಿನ ತುದೀಲಿ ಒಂದು ಪ್ಲಾಸ್ಟಿಕ್ ನಟ್ಟು ಇದೆ ಕಣೇ. ಅದು ಸಡಿಲ ಆಗಿದೆ, ಅಷ್ಟೆ. ಅದಕ್ಕೆ ರಿಪೇರಿಯವನನ್ನ ಕರೆದರೆ ನನ್ನ ಮಾನ ಏನಾಗಬೇಕು?"

"ನಿನ್ನ ಮಾನ ಒಣಗಿರುತ್ತೆ, ನೆಲ ತಾನೇ ನೆನೆಯೋದು. ನೋಡು ಆರ್ವಿಡ್, ನಾನು ಇಸ್ಪೀಟಿಗೆ ಹೋಗ್ತಿದೀನಿ, ನಾಲ್ಕಕ್ಕೆ ಬರ್ತೀನಿ. ಅಷ್ಟರೊಳಗೆ ನೆಲ ಒಣಗಿರಬೇಕು. ಇಲ್ಲದಿದ್ರೆ ಈ ಗಾಡಿ ಮಾರಿ, ಡುಲೂತ್‌ನಲ್ಲಿ ನನ್ನ ತಂಗಿ ಮನೆ ಪಕ್ಕದ ಫ್ಲ್ಯಾಟು ಹಿಡಿಯೋದೇ."

ಮೇವಿಸಳ ತಂಗಿ ಸಂಜೆ ಐದಕ್ಕೆ ಊಟ ಮಾಡಿ ಆರಕ್ಕೆ ಮಲಗುವವಳು. ಆ ಫ್ಲ್ಯಾಟಿನಲ್ಲಿ ಏನೇ ಕೆಟ್ಟರೂ ಮೇಸ್ತ್ರಿ ಬಂದು ಸರಿಮಾಡುತ್ತಾನಂತೆ. ಬದುಕಿರುವಾಗಲೇ ಗೋರಿಗೆ ಬಾಡಿಗೆ ಕಟ್ಟುವುದೆಂದರೆ ಇದೇ ಎಂದು ಆರ್ವಿಡ್‌ನ ಎದೆ ಝಲ್ಲೆಂದಿತು. ಆದರೆ ಅದು ಎರಡೇ ನಿಮಿಷ. ಒಂದು ನಟ್ಟಿಗೆ ಹೆದರುವ ಜಾತಿ ಅವನದಲ್ಲ.

ಹೆದರಿಕೆಯಿದ್ದದ್ದು ನೆರೆಯವರದು. ಇಂಥ ಗಾಡಿಮನೆಗಳೇ ಸಾಲಾಗಿ ನಿಂತ ಆ ಬಿಡಾರದಲ್ಲಿ ಯಾರೇ ಗಾಡಿಯ ಕೆಳಗೆ ಕೈಹಾಕಿದರೂ ಗಂಡಸರೆಲ್ಲ ಮಡಚುವ ಕುರ್ಚಿ, ಕಾಫಿ ಲೋಟ ಹಿಡಿದು ಬಂದು ಸುತ್ತ ಕುಳಿತು ಸಲಹೆ ಕೊಡುತ್ತಿದ್ದರು. ಅಂಥ ಸಭೆಗಳ ಖಾಯಂ ಅಧ್ಯಕ್ಷ ಆರ್ವಿಡ್. "ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರ್ ಮುಟ್ಟಿಸಬೇಡಿ, ಬರಿಗೈಯಲ್ಲಿ ಬಿಗಿ ಮಾಡಿ, ಒಂದೆರಡು ನಟ್ಟು ಮನೆಯಲ್ಲಿಟ್ಟಿರಿ" ಎಂದು ಹತ್ತು ಚಳಿಗಾಲ ಬೋಧಿಸಿದ್ದ. ಈಗ ಓಡೆಲ್ ಬಂದು ಅವನಿಗೇ ಸಲಹೆ ಕೊಡುವುದೆಂದರೆ? ಆರ್ವಿಡ್ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ. ಕಿಟಕಿಗಳ ಪರದೆಗಳನ್ನೆಲ್ಲ ಎಳೆದ.

ಅಲ್ಲೇ ಅವನು ಎಡವಿದ್ದು. ಮುದುಕರೇ ತುಂಬಿದ ಆ ಬಿಡಾರದಲ್ಲಿ ಹಗಲು ಹೊತ್ತು ಪರದೆ ಎಳೆದಿದ್ದರೆ ಒಳಗೆ ಯಾರಿಗೋ ಜೋರು ಕಾಯಿಲೆ ಎಂದೇ ಅರ್ಥ. ಎದುರು ಗಾಡಿಯ ಡೋರೀನ್ ಅದನ್ನು ನೋಡಿ ನಿಟ್ಟುಸಿರಿಟ್ಟು, ಕಾಯಿಲೆಯ ಮನೆಗೆ ಕೊಡಲೆಂದು ಕೋಳಿ, ನೂಡಲ್ಸು, ಚೀಸು ಎಲ್ಲ ಗಾಜಿನ ಪಾತ್ರೆಗೆ ಸುರಿದು ಓವನ್ನಿಗೆ ತಳ್ಳಿದಳು. ಅವಳನ್ನು ನೋಡಿ ಇನ್ನೈದು ಓವನ್ನುಗಳು ಬಿಸಿಯಾದವು.

ಇತ್ತ ಆರ್ವಿಡ್ ಗಾಡಿಗೆ ನೀರು ಬರುವ ಹೊರಗಿನ ನಲ್ಲಿಯನ್ನು ಮೊದಲೇ ನಿಲ್ಲಿಸಿದ್ದ, ಶಾಸ್ತ್ರೋಕ್ತವಾಗಿ. ಕಿವಿಯ ಯಂತ್ರವನ್ನು ಬಿಚ್ಚಿ ಕಪಾಟಿನಲ್ಲಿಟ್ಟ, ಹಿಂದೊಮ್ಮೆ ಬಗ್ಗಿದಾಗ ಅದು ಪಾಯಿಖಾನೆಯೊಳಗೆ ಬಿದ್ದು ಅಲ್ಲಿನ ಸಮಾಚಾರವೆಲ್ಲ ಕೇಳಿಕೊಂಡು ಬಂದಿತ್ತು. ನಂತರ ಮಂಡಿಯೂರಿ, ಗೋಡೆಗೂ ಕಮೋಡಿಗೂ ನಡುವಿನ ಸಂದಿಗೆ ಕೈ ತೂರಿಸಿದ. ಬಸ್ಸಿನ ಗೇರುಬಾಕ್ಸ್ ಎತ್ತಿದ್ದ ಆ ಕೈ ನಟ್ಟಿಗೆ ಎರಡಂಗುಲ ಇರುವಾಗಲೇ ಸಿಕ್ಕಿಹಾಕಿಕೊಂಡಿತು. ಬೆರಳು ತಲುಪದ ಕಡೆ ಸ್ಪ್ಯಾನರ್ ತಲುಪುತ್ತದೆ. ಯಾರೂ ನೋಡುತ್ತಿರಲಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುವ ಹಾಗೆ ಅವನು ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದ. ಹನಿ ನಿಂತಿತು. ನಿಂತದ್ದು ನೋಡಿ ಹುಮ್ಮಸ್ಸು ಬಂದು, ಭದ್ರವಾಗಿರಲಿ ಎಂದು ಇನ್ನೊಂದು ಕಾಲು ಸುತ್ತು ತಿರುಗಿಸಿದ.

ನಟ್ಟು ಎರಡು ಹೋಳಾಯಿತು. ನೀರು ಚಿಮ್ಮಿ ಅವನ ಹುಬ್ಬಿಗೆ ಬಡಿಯಿತು.

ಆರ್ವಿಡ್ ಧೃತಿಗೆಡಲಿಲ್ಲ. ಹೊರಗಿನ ನಲ್ಲಿ ನಿಲ್ಲಿಸಿದ್ದರಿಂದ ಇದು ಪೈಪಿನಲ್ಲಿ ಉಳಿದ ನೀರು, ಒಂದು ಲೋಟ ಬಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ. ಹೇಗೋ ಹೆಬ್ಬೆರಳು ತುರುಕಿ ಪೈಪಿನ ಬಾಯಿಗೆ ಒತ್ತಿ ಕಾಯುತ್ತ ಕುಳಿತ. ಲೋಟ ಹೋಗಿ ಬಕೆಟ್ಟಾಯಿತು, ನೀರು ಬೆರಳ ಸಂದಿಯಿಂದ ಚಿಮ್ಮುತ್ತಲೇ ಇತ್ತು. ಬೆರಳು ತೆಗೆದರೆ ಕಾರಂಜಿ, ತೆಗೆಯದಿದ್ದರೆ ಸೆರೆವಾಸ.

ಆ ನೀರು ಗಾಡಿಯ ಸ್ವಂತ ಟ್ಯಾಂಕಿನದು. ಹಿಂದಿನ ವಾರ ಗಂಡಹೆಂಡಿರು ನಲ್ಲಿಯಿಲ್ಲದ ಬಯಲಿನಲ್ಲಿ ತಂಗಿದ್ದಾಗ ಹಾಕಿದ ಪಂಪಿನ ಸ್ವಿಚ್ಚು ಆರಿಸಿರಲಿಲ್ಲ. ಹೊರಗಿನ ನೀರು ಬರುತ್ತಿರುವಷ್ಟು ಹೊತ್ತು ಪಂಪು ಸುಮ್ಮನಿತ್ತು, ಅದು ನಿಂತ ಕೂಡಲೇ ತಾನು ಎದ್ದು ದುಡಿಯತೊಡಗಿತು. ಗುರ್ರೆನ್ನುವ ಸದ್ದು ಬಿಡಾರಕ್ಕೆಲ್ಲ ಕೇಳುತ್ತಿತ್ತು, ಕಿವಿ ಕಪಾಟಿನಲ್ಲಿಟ್ಟವನಿಗೆ ಮಾತ್ರ ಕೇಳಲಿಲ್ಲ.

ಬಾಗಿಲ ಹೊರಗೆ ಆರು ಗಾಜಿನ ಪಾತ್ರೆಗಳು ಸಾಲಾಗಿ ನಿಂತು ತಟ್ಟುತ್ತಿದ್ದದ್ದೂ ಕೇಳಲಿಲ್ಲ. ಆದರೆ ಅವನು ಒಳಗೆ ಪೈಪನ್ನು ಬೈಯುತ್ತಿದ್ದದ್ದು ಹೊರಗಿನವರಿಗೆ ಚೆನ್ನಾಗಿ ಕೇಳಿತು. ಜ್ವರ ನೆತ್ತಿಗೇರಿದೆ ಎಂದು ಡೋರೀನ್ ತೀರ್ಮಾನಿಸಿದಳು. ಆಮೇಲೆ ಬಾಗಿಲ ಕೆಳಗಿನಿಂದ ಮೆಟ್ಟಿಲಿಗೆ ನೀರು ಹರಿದುಬಂದಾಗ ಪಾಪದ ಹೆಂಗಸು ಬೇರೇನೋ ಭಾವಿಸಿ, ಇಸ್ಪೀಟಿನ ಮನೆಗೆ ಫೋನು ಮಾಡಿದಳು.

ಮೇವಿಸ್ ಕೈಯಲ್ಲಿ ಮೂರು ಎಕ್ಕ ಹಿಡಿದೇ ಓಡಿಬಂದಳು. ತನ್ನ ಕೀಲಿಯಿಂದ ಬೀಗ ತೆಗೆದು ಒಳಗೆ ಕಾಲಿಟ್ಟಳು, ಪಾದ ಮುಳುಗಿತು. ಒಲೆಯ ಮೇಲಿನ ಗೋಡೆಯಲ್ಲಿದ್ದ ಪಂಪಿನ ಸ್ವಿಚ್ಚಿನ ಕೆಂಪು ದೀಪ ನೋಡಿದಳು, ಬೆರಳಲ್ಲಿ ಒತ್ತಿದಳು. ನೀರು ನಿಂತಿತು.

"ನೋಡಿದೆಯಾ, ತಾನೇ ನಿಂತಿತು" ಎಂದ ಆರ್ವಿಡ್, ಪಾಯಿಖಾನೆಯ ಹಿಂದಿನಿಂದ.

ಮೇವಿಸ್ ಅವನ ಕೈಯನ್ನು ಪಾತ್ರೆ ತೊಳೆಯುವ ಸೋಪು ಸವರಿ ಎಳೆದು ಬಿಡಿಸಿ, ಅವನನ್ನು ಹಾಸಿಗೆಯ ಮೇಲೆ ಕೂರಿಸಿದಳು. ಪಾತ್ರೆ ಹಿಡಿದು ಬಂದವರಲ್ಲಿ ಓಡೆಲ್‌ನೂ ಇದ್ದ, ಅವನು ತನ್ನ ಗಾಡಿಗೆ ಓಡಿ ವಾಷರ್ ಸಮೇತ ಹೊಸ ನಟ್ಟೊಂದನ್ನು ತಂದ. ಆರ್ವಿಡ್‌ನ ಬೋಧನೆ ಕೇಳಿ ಅವನು ನಾಲ್ಕು ಕೊಂಡಿಟ್ಟಿದ್ದ. ಬೋಧಿಸಿದವನು ಮಾತ್ರ ಒಂದೂ ಕೊಂಡಿರಲಿಲ್ಲ. ಬರುವಾಗ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ತಂದು ಪಾಯಿಖಾನೆಯ ಹಿಂದೆ ಹಿಡಿದ.

"ಒಳಗೆ ಹಳೇ ರಬ್ಬರ್ ವಾಷರು ಕಲ್ಲಾಗಿ ಕೂತಿದೆ ಮೇವಿಸ್. ಸೋರಿದ್ದು ಅಲ್ಲಿಂದ್ಲೇ. ಬಿಗಿ ಮಾಡಿದ್ರೆ ಒಂದು ಗಳಿಗೆ ನಿಂತು ಮತ್ತೆ ಸೋರ್ತಿತ್ತು."

ಮೇವಿಸ್ ತನ್ನ ಉಣ್ಣೆ ಹೆಣೆಯುವ ಕ್ರೋಶಾ ಕೊಕ್ಕೆಯಿಂದ ಆ ರಬ್ಬರನ್ನು ಒಂದೇ ಏಟಿಗೆ ಕಿತ್ತಳು. ಅವಳ ಸಣ್ಣ ಕೈ ಸಂದಿಯಲ್ಲಿ ಸಲೀಸಾಗಿ ಹೋಯಿತು. ಹೊಸ ನಟ್ಟು ಕೂರಿಸಿ, ಬರಿಬೆರಳಲ್ಲಿ ಬಿಗಿದು, ಹೊರಗಿನ ನೀರು ಬಿಡಿಸಿ, ಬಟ್ಟೆಯಿಂದ ಒರೆಸಿ ನೋಡಿದಳು. ಬಟ್ಟೆ ಒಣಗಿಯೇ ಇತ್ತು. ಎಲ್ಲ ಸೇರಿ ಏಳು ನಿಮಿಷ. ಬಾಗಿಲಲ್ಲಿ ನಿಂತ ಐದು ಹೆಂಗಸರು ಪಾತ್ರೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ, ಚಾಪೆ ಕಂಬಳಿಗಳನ್ನು ಬಿಸಿಲಿಗೆ ಹರವುತ್ತ ಆರ್ವಿಡ್ ತೀರ್ಪಿಗಾಗಿ ಕಾದ. ಕೊನೆಗೆ ತಡೆಯಲಾರದೆ, ಡುಲೂತ್‌ಗೆ ಯಾವಾಗ ಹೊರಡುವುದೆಂದು ತಾನೇ ಕೇಳಿದ. ಈ ಹಾಳು ಗಾಡಿಯನ್ನು ಅವನು ನಿಜವಾಗಿ ಪ್ರೀತಿಸುತ್ತಿದ್ದ.

ಮೇವಿಸ್ ಅಡುಗೆಮನೆಯ ನಲ್ಲಿಯ ಕೆಳಗೆ ತಲೆ ತೂರಿಸಿದ್ದಳು. "ಡುಲೂತಾ? ಇಷ್ಟೊಂದು ಕೆಲಸ ಬಾಕಿ ಇರೋವಾಗ? ಇಲ್ಲಿ ನೋಡು, ಇದರ ರಬ್ಬರೂ ಹೋಗಿದೆ. ಮೂವತ್ತೆಂಟು ವರ್ಷ ಇದನ್ನೇನೋ ಬ್ರಹ್ಮವಿದ್ಯೆ ಅಂತಿದ್ದೆಯಲ್ಲಪ್ಪ."

ಆರ್ವಿಡ್‌ಗೆ ಹೋದ ಜೀವ ಬಂತು. ಮಹಾರಾಣಿ ಉಳಿದಳು. ಎರಡು ದಿನ ಅವನು ಮೂರು ಹೊತ್ತೂ ಚೀಸು ಕೋಳಿಯನ್ನೇ ಉಂಡು, ಪಾತ್ರೆಗಳನ್ನು ತೊಳೆದು, ಕೊಟ್ಟು ಬರಲು ಎದೆಯುಬ್ಬಿಸಿ ಹೊರಟ. ಮೊದಲ ಬಾಗಿಲಲ್ಲಿ ಡೋರೀನ್ ಪಾತ್ರೆ ಇಸಿದುಕೊಂಡು, ಮೇವಿಸ್ ಮನೆಯಲ್ಲಿದ್ದಾಳೆಯೇ, ತನ್ನ ಗೀಸರು ತೊಟ್ಟಿಕ್ಕುತ್ತಿದೆ ಎಂದಳು. ಎರಡನೆಯ ಬಾಗಿಲಲ್ಲೂ, ಮೂರನೆಯದರಲ್ಲೂ ಮೇವಿಸಳನ್ನೇ ಕೇಳಿದರು. ಕೊನೆಯದು ಓಡೆಲ್‌ನ ಗಾಡಿ.

"ಶನಿವಾರ ನಾನೂ ಮೇವಿಸೂ ಮೂರು ಗಾಡಿ ಒಪ್ಕೊಂಡಿದ್ದೀವಿ" ಎಂದ ಓಡೆಲ್, ಪಾತ್ರೆ ಬೆಳಕಿಗೆ ಹಿಡಿದು ಅಂಚಿನಲ್ಲಿ ಉಳಿದಿದ್ದ ಜಿಡ್ಡನ್ನು ಉಗುರಲ್ಲಿ ಕೆರೆಯುತ್ತ. "ನೀನೂ ಬಾ ಮಾರಾಯ. ಟಾರ್ಚ್ ಹಿಡ್ಕೊಳೋಕೆ ಒಬ್ರು ಬೇಕಿತ್ತು. ಆದ್ರೆ ಏನನ್ನೂ ಮುಟ್ಟಬಾರದು ಅಂತ ಮೇವಿಸ್ ಹೇಳಿದಾಳೆ."